ಹೊರನಾಡಿನ ದುಡಿಮೆ, ತಾಯ್ನಾಡಿನ ಜೆರ್ಸಿ

ಫುಟ್‌ಬಾಲ್‌ನಲ್ಲಿ ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಬಹುಬೇಗ ಮರೆತುಹೋಗುತ್ತದೆ. ಬೆಲಾರುಸ್ ದೇಶದ ಸೆರ್ಗೈ ಗುರೆಂಕೊ ಹೀಗೆ ತಡೆಯುವ ಕೆಲಸ ಮಾಡಿದ ಡಿಫೆಂಡರ್. ಅವರು ಆಟದಿಂದ ನಿವೃತ್ತರಾಗಿ ವರ್ಷಗಳೇ ಕಳೆದಿವೆ. ಆದರೂ ಕೊಲ್ಲಿಯಲ್ಲಿ ದುಡಿಯುವ ನಮಗೆ ಅವರ ಕಥೆ ಬಹಳ ಹತ್ತಿರದ್ದು ಅನ್ನಿಸುತ್ತದೆ.

ಗುರೆಂಕೊ ಹುಟ್ಟಿದ್ದು 1972ರಲ್ಲಿ, ಪೋಲೆಂಡ್ ಗಡಿಗೆ ಸಮೀಪದ ಗ್ರೋಡ್ನೊ ನಗರದಲ್ಲಿ. ಆಗ ಅದು ಸೋವಿಯತ್ ಒಕ್ಕೂಟದ ಭಾಗ. 1991ರಲ್ಲಿ ಒಕ್ಕೂಟ ಒಡೆದು ಬೆಲಾರುಸ್ ಸ್ವತಂತ್ರವಾದಾಗ ಅವರಿಗಿನ್ನೂ 19 ದಾಟಿರಲಿಲ್ಲ. 1993ರಲ್ಲಿ ಅವರ ಊರಿನ ನೆಮಾನ್ ತಂಡ ಹೊಸ ದೇಶದ ಕಪ್ ಗೆದ್ದಿತು. ಆದರೆ ಊರಿನ ಆಟದಲ್ಲಿ ಬೆಳೆಯಲು ಹೆಚ್ಚು ಜಾಗವಿರಲಿಲ್ಲ. 1995ರಲ್ಲಿ ಅವರು ಮಾಸ್ಕೋದ ಲೋಕೊಮೋಟಿವ್ ತಂಡ ಸೇರಿದರು.

ತರಬೇತುದಾರ ಯೂರಿ ಸ್ಯೋಮಿನ್ ಅವರ ಕೈಕೆಳಗೆ ತಂಡ 1996 ಮತ್ತು 1997ರಲ್ಲಿ ರಷ್ಯಾ ಕಪ್ ಗೆದ್ದಿತು. ಯುರೋಪಿನ ಕಪ್ ವಿನ್ನರ್ಸ್ ಕಪ್‌ನಲ್ಲಿ ಎರಡು ವರ್ಷ ಸೆಮಿಫೈನಲ್ ತಲುಪಿತು. 1999ರ ಸೆಮಿಫೈನಲ್‌ನಲ್ಲಿ ಲಾಜಿಯೊ ವಿರುದ್ಧ ಮಾಸ್ಕೋದಲ್ಲಿ 1-1, ರೋಮ್‌ನಲ್ಲಿ 0-0. ಎರಡೂ ಪಂದ್ಯಗಳಲ್ಲಿ ಸೋಲದಿದ್ದರೂ ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಲೋಕೊಮೋಟಿವ್ ಹೊರಬಿತ್ತು. ಅದೇ ವರ್ಷ ರೋಮ್‌ನ ಇನ್ನೊಂದು ತಂಡವಾದ ರೋಮಾ ಗುರೆಂಕೊ ಅವರನ್ನು ಕರೆಸಿಕೊಂಡಿತು.

ದೊಡ್ಡ ಕಂಪನಿ, ದೊಡ್ಡ ಹೆಸರು. ಆದರೆ ಅಲ್ಲಿ ಬಲಬದಿಗೆ ಬ್ರೆಜಿಲ್‌ನ ಕಫು, ಎಡಬದಿಗೆ ಫ್ರಾನ್ಸ್‌ನ ಕಾಂಡೆಲಾ ಇದ್ದರು. ಅವಕಾಶ ಸಿಕ್ಕಿದ್ದು ಅಪರೂಪ. ಕೊನೆಗೆ ಸ್ಪೇನ್‌ನ ಸರಗೋಸಾ ತಂಡಕ್ಕೆ ಅವರನ್ನು 'ಲೋನ್' ಮೇಲೆ ಕಳಿಸಿದರು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ: ವೀಸಾ ಒಂದು ಕಂಪನಿಯದು, ಡ್ಯೂಟಿ ಇನ್ನೊಂದು ಕಂಪನಿಯಲ್ಲಿ. 2001ರ ಜೂನ್‌ನಲ್ಲಿ ರೋಮಾ 18 ವರ್ಷಗಳ ನಂತರ ಇಟಲಿಯ ಲೀಗ್ ಗೆದ್ದು ಕುಣಿಯಿತು. ಅದೇ ತಿಂಗಳು ಸರಗೋಸಾ ಸ್ಪೇನ್‌ನ ಕಪ್ ಗೆದ್ದಿತು. ಮುಂದೆ ಪಾರ್ಮಾ, ಅಲ್ಲಿ 2002ರ ಇಟಲಿ ಕಪ್, ಆಮೇಲೆ ಪಿಯಾಚೆಂಜಾ.

ಎಲ್ಲೇ ದುಡಿದರೂ ದೇಶ ಕರೆದಾಗ ಗುರೆಂಕೊ ಹೋಗುತ್ತಿದ್ದರು. 1994ರಿಂದ 2006ರವರೆಗೆ ಬೆಲಾರುಸ್ ಪರ 80 ಪಂದ್ಯ ಆಡಿದರು. ಗೋಲು ಹೊಡೆದದ್ದು ಮೂರೇ ಮೂರು. ಒಂದು ಕೋಟಿಗೂ ಕಡಿಮೆ ಜನರಿರುವ ಆ ದೇಶ 2002ರ ವಿಶ್ವಕಪ್‌ಗೆ ಬಾಗಿಲವರೆಗೂ ಹೋಗಿತ್ತು. 2001ರ ಅಕ್ಟೋಬರ್‌ನಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಗೆದ್ದಿದ್ದರೆ ಗುಂಪಿನಲ್ಲಿ ಎರಡನೇ ಸ್ಥಾನ ಪಡೆದು ಪ್ಲೇ-ಆಫ್ ಆಡಬಹುದಿತ್ತು. 0-1ರಿಂದ ಸೋತಿತು. ಗುರೆಂಕೊ ಅವರಿಗೆ ವಿಶ್ವಕಪ್ ಆಡುವ ಯೋಗ ಕೊನೆಗೂ ಬರಲಿಲ್ಲ.

2003ರಲ್ಲಿ ಅವರು ಲೋಕೊಮೋಟಿವ್‌ಗೇ ಮರಳಿದರು. ವಯಸ್ಸು ಮೂವತ್ತು ಮುಟ್ಟಿತ್ತು. ತರಬೇತುದಾರರು ಅದೇ ಸ್ಯೋಮಿನ್. ಹಳೆಯ ಜಾಗಕ್ಕೆ ವಾಪಸ್ ಬಂದವರನ್ನು ಕಂಡು ಜನ ಏನೇನೋ ಅಂದುಕೊಳ್ಳುವುದು ನಮಗೂ ಗೊತ್ತು. ಉತ್ತರವನ್ನು ಮೈದಾನವೇ ಕೊಟ್ಟಿತು: 2004ರಲ್ಲಿ ಲೋಕೊಮೋಟಿವ್ ಒಂದೇ ಒಂದು ಅಂಕದ ಅಂತರದಲ್ಲಿ ಸಿಎಸ್‌ಕೆಎ ತಂಡವನ್ನು ಹಿಂದಿಕ್ಕಿ ರಷ್ಯಾದ ಚಾಂಪಿಯನ್ ಆಯಿತು. 2007ರಲ್ಲಿ ಮತ್ತೆ ಕಪ್.

ಆಟ ಬಿಟ್ಟ ನಂತರ ಗುರೆಂಕೊ ತರಬೇತುದಾರರಾದರು. ಬೆಲಾರುಸ್ ರಾಜಧಾನಿಯ ದಿನಾಮೊ ಮಿನ್ಸ್ಕ್ ತಂಡವನ್ನೂ ನಡೆಸಿದರು. ಮೂರು ದೇಶಗಳಲ್ಲಿ ದುಡಿದು ಕಲಿತದ್ದು ಹೀಗೆ ಊರಿನ ಹುಡುಗರ ಪಾಲಿಗೂ ಬಂತು. ನಮ್ಮಲ್ಲಿ ಅನೇಕರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಲೆಕ್ಕವೂ ಇದೇ ಅಲ್ಲವೇ?