ಕುರ್ಚಿಯ ಬೆತ್ತ ಸಡಿಲವಾದರೆ ಸೊಂಟಕ್ಕೆ ಪೆಟ್ಟು

ನಿಮ್ಮ ಮನೆಯ ಜಗುಲಿಯಲ್ಲೋ ನಡುಮನೆಯಲ್ಲೋ ಬೆತ್ತ ಹೆಣೆದ ಮರದ ಕುರ್ಚಿ ಇದ್ದರೆ ಒಮ್ಮೆ ಅದನ್ನು ನೋಡಿ ಬನ್ನಿ. ಆಸನದ ನಡುವೆ ಬಟ್ಟಲಿನಂತೆ ತಗ್ಗು ಬಿದ್ದಿದೆಯೇ? ಎಳೆ ತುಂಡಾದ ಕಡೆ ಹಲಗೆ ಇಟ್ಟು ಮೇಲೊಂದು ದಿಂಬು ಹಾಕಿದ್ದೀರಾ? ಸಾಮಾನ್ಯವಾಗಿ ಇಂಥ ಕುರ್ಚಿ ಮನೆಯ ಹಿರಿಯರಿಗೇ ಮೀಸಲು. ಅವರ ಸೊಂಟನೋವಿಗೆ ಮಾತ್ರೆ ತರುವ ಮುನ್ನ ಕುರ್ಚಿಯ ಕಡೆ ಗಮನ ಕೊಡುವುದು ಲೇಸು.

ಬಿಗಿಯಾಗಿ ಹೆಣೆದ ಬೆತ್ತ ಉತ್ತಮ ಆಸನವೆಂಬುದರಲ್ಲಿ ಸಂಶಯವಿಲ್ಲ. ಕಣ್ಣುಕಣ್ಣಾದ ಹೆಣಿಗೆಯಲ್ಲಿ ಗಾಳಿಯಾಡುತ್ತದೆ, ಬೆವರು ಆರುತ್ತದೆ. ಬೇಸಿಗೆಯಲ್ಲಿ ಬೆವರುಸಾಲೆಯಿಂದ ಬಳಲುವವರಿಗೆ ರೆಕ್ಸಿನ್ ಸೋಫಾಕ್ಕಿಂತ ಇದೇ ಮೇಲು. ಆದರೆ ಬೆತ್ತ ಜೋತುಬಿದ್ದಾಗ ಕತೆ ಬೇರೆ. ಕುಳಿತವರ ಪೃಷ್ಠ ಕೆಳಕ್ಕೆ ಕುಸಿದು ಮೊಣಕಾಲು ಮೇಲೇಳುತ್ತದೆ. ಸೊಂಟದ ಬಳಿ ಬೆನ್ನುಮೂಳೆಗೆ ಇರುವ ಸಹಜ ಬಾಗು ಅಳಿಸಿ ಬೆನ್ನು ಗೂನಾಗುತ್ತದೆ. ಮೂಳೆಗಳ ನಡುವಿನ ಮೆತ್ತೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ಚೌಕಟ್ಟಿನ ಮುಂದಿನ ಪಟ್ಟಿ ತೊಡೆಯ ಹಿಂಭಾಗವನ್ನು ಒತ್ತುವುದರಿಂದ ಕಾಲು ಜೋಮು ಹಿಡಿಯುತ್ತದೆ. ಜೋಮು ಹಿಡಿದ ಕಾಲಿನಲ್ಲಿ ತಟ್ಟನೆ ಎದ್ದ ವೃದ್ಧರು ಮುಗ್ಗರಿಸುವುದು ಅಪರೂಪವಲ್ಲ. ಆ ವಯಸ್ಸಿನಲ್ಲಿ ತೊಡೆಯ ಮೂಳೆಯ ಕತ್ತು ಮುರಿದರೆ ಆಗುವ ಪಡಿಪಾಟಲು ಕಂಡವರಿಗೇ ಗೊತ್ತು.

ನಿವೃತ್ತ ಮೇಷ್ಟ್ರೊಬ್ಬರು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿ, ಹೊಟ್ಟೆ ಉರಿ ತಂದುಕೊಂಡು ನನ್ನಲ್ಲಿಗೆ ಬಂದಿದ್ದರು. ದಿನಕ್ಕೆ ನಾಲ್ಕೈದು ತಾಸು ಕೂರುವ ಕುರ್ಚಿ ಹೇಗಿದೆ ಎಂದು ಕೇಳಿದಾಗ, "ತೊಟ್ಟಿಲ ಹಾಗಿದೆ ಡಾಕ್ಟ್ರೇ, ಆರಾಮಾಗಿದೆ" ಎಂದರು. ಆ ಆರಾಮವೇ ತೊಂದರೆ ಕೊಡುತ್ತಿತ್ತು. ಬೆತ್ತ ಹೊಸದಾಗಿ ಹೆಣೆಸಿ, ಅರ್ಧ ತಾಸಿಗೊಮ್ಮೆ ಎದ್ದು ನಡೆಯತೊಡಗಿದ ಮೇಲೆ ಮಾತ್ರೆ ಬಹುಮಟ್ಟಿಗೆ ತಪ್ಪಿತು. ಎಲ್ಲ ಸೊಂಟನೋವೂ ಕುರ್ಚಿಯಿಂದಲ್ಲ, ನಿಜ. ಕಾಲಿನ ಶಕ್ತಿ ಕುಂದಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ನೋವಿನ ಜೊತೆ ಜ್ವರವಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಬೆತ್ತ ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ, ತಾಳೆಯ ಜಾತಿಯ ಮುಳ್ಳುಬಳ್ಳಿ. ಬಿದಿರು ಪೊಳ್ಳು, ಬೆತ್ತ ಗಟ್ಟಿ. ಅದರ ನುಣುಪಾದ ಹೊರಸಿಪ್ಪೆಯನ್ನು ಪಟ್ಟಿಯಾಗಿ ಸೀಳಿ ಆಸನ ಹೆಣೆಯುತ್ತಾರೆ. ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಚೌಕಟ್ಟಿನ ತೂತುಗಳಲ್ಲಿ ಉದ್ದಕ್ಕೆ 2 ಸಲ, ಅಡ್ಡಕ್ಕೆ 2 ಸಲ, ಕೊನೆಗೆ ಮೂಲೆಯಿಂದ ಮೂಲೆಗೆ ಎರಡೂ ದಿಕ್ಕಿನಲ್ಲಿ ಹಾಯಿಸುತ್ತಾರೆ. ಹೀಗೆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒದ್ದೆ ಪಟ್ಟಿ ಒಣಗುತ್ತ ಬಿಗಿಯುತ್ತದೆ. ಆಸನದ ಗಟ್ಟಿತನದ ಗುಟ್ಟು ಇದೇ.

ಈ ಗುಣವನ್ನು ನೀವೂ ಬಳಸಿಕೊಳ್ಳಬಹುದು. ಎಳೆಗಳು ತುಂಡಾಗದೆ ಬರೀ ಸಡಿಲವಾಗಿದ್ದರೆ ಕುರ್ಚಿಯನ್ನು ಬೋರಲು ಹಾಕಿ, ಬೆತ್ತದ ಅಡಿಭಾಗಕ್ಕೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅರ್ಧ ತಾಸು ಹಾಸಿ. ನಂತರ ನೆರಳಿನಲ್ಲಿ ಒಂದು ರಾತ್ರಿ ಒಣಗಲಿ. ಪೂರ್ತಿ ಒಣಗುವ ತನಕ ಯಾರೂ ಕೂರಬಾರದು. ಎಳೆ ತುಂಡಾಗಿದ್ದರೆ ಈ ಉಪಾಯ ನಡೆಯದು, ಹೊಸದಾಗಿಯೇ ಹೆಣೆಸಬೇಕು. ತುಂಡಾದ ಎಳೆಯ ತುದಿ ಚೂಪು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರಿಗೆ ಗೀರಿದ್ದೇ ತಿಳಿಯದೆ ಹುಣ್ಣಾದೀತು. ಹಲಗೆ ಇಡುವ ಪದ್ಧತಿಯೂ ಬೇಡ, ಎದ್ದೇಳುವಾಗ ಅದು ಜಾರುತ್ತದೆ. ಬಲ್ಬು ಬದಲಿಸಲು ಬೆತ್ತದ ಕುರ್ಚಿ ಹತ್ತುವವರನ್ನು ಮಾತ್ರ ಗದರಿಸಿಯೇ ಇಳಿಸಿ.

ಇನ್ನು ತಿಗಣೆ. ಬೆತ್ತದ ತೂತುಗಳು ಅದಕ್ಕೆ ಒಳ್ಳೆಯ ಬಿಡಾರ. ತೊಡೆಯ ಹಿಂದೆ ಸಾಲುಸಾಲಾಗಿ ಕೆಂಪು ಗಂಧೆ ಎದ್ದು ತುರಿಸಿದರೆ ಕುರ್ಚಿಯನ್ನು ಶಂಕಿಸಿ. ಅಂಗಳಕ್ಕೊಯ್ದು ತೂತು, ಸಂದುಗಳಿಗೆ ಕುದಿಯುವ ನೀರು ಸುರಿದರೆ ತಿಗಣೆಯೂ ಮೊಟ್ಟೆಯೂ ಸಾಯುತ್ತವೆ. ಸೀಮೆಎಣ್ಣೆ ಸುರಿಯಬೇಡಿ, ಬೆಂಕಿಯ ಅಪಾಯವುಂಟು.

ಹೆಣೆಯುವವರ ಕಷ್ಟವೂ ಕಡಿಮೆಯೇನಲ್ಲ. ನೆಲದಲ್ಲಿ ಬಗ್ಗಿ ಕುಳಿತು ಒಂದು ಆಸನ ಮುಗಿಸಲು ಒಂದು ದಿನವಾದರೂ ಬೇಕು. ಪಟ್ಟಿಯ ಅಂಚು ಬೆರಳು ಕೊಯ್ಯುತ್ತದೆ, ಮಣಿಕಟ್ಟು ನೋಯುತ್ತದೆ. ನಮ್ಮಲ್ಲಿ ಅಂಧರಿಗೆ ಕಲಿಸುತ್ತ ಬಂದಿರುವ ಕಸುಬುಗಳಲ್ಲಿ ಇದೂ ಒಂದು. ತೂತು ಎಣಿಸುವುದು, ಬಿಗಿ ಅಳೆಯುವುದು ಎಲ್ಲವೂ ಬೆರಳಿನಲ್ಲೇ. ನಿಮ್ಮ ಮನೆಗೆ ಹೆಣೆಯಲು ಬಂದವರಿಗೆ ಕುರ್ಚಿಯನ್ನು ಮೇಜಿನ ಮೇಲೆ ಎತ್ತಿಟ್ಟುಕೊಡಿ. ಬೆನ್ನು ಬಗ್ಗಿಸುವುದು ಅಷ್ಟು ಕಡಿಮೆಯಾಗುತ್ತದೆ.