ಹತ್ತಿ ಹೋದರೂ ಉಳಿದ ಪಟ್ಟಣ: ನ್ಯಾಚೆಜ್‌ನ ಪಾರಂಪರಿಕ ಕಟ್ಟಡಗಳು

ವ್ಯಾಪಾರದ ಮೂಲ ಸರಕೇ ಕೈಬಿಟ್ಟಾಗ ಒಂದು ಪಟ್ಟಣವು ಯಾವುದನ್ನು ಆಧರಿಸಿ ಬದುಕಬೇಕು? ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳ ಅನೇಕ ಸಣ್ಣ ಪಟ್ಟಣಗಳು ಈ ಪ್ರಶ್ನೆಯನ್ನು ಎದುರಿಸಿವೆ. ಅವುಗಳ ಪೈಕಿ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಪಟ್ಟಣದ ಅನುಭವವು ವರ್ತಕರಿಗೆ ವಿಶೇಷವಾಗಿ ಪರಿಶೀಲನಾರ್ಹವಾಗಿದೆ. 2020ರ ಜನಗಣತಿಯಂತೆ ಈ ಪಟ್ಟಣದ ಜನಸಂಖ್ಯೆ ಸುಮಾರು 14,500 ಮಾತ್ರ.

ಹತ್ತಿಯ ಸಂಪತ್ತು

1716ರಲ್ಲಿ ಫ್ರೆಂಚರು ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲೆ ಕಟ್ಟಿದ ಕೋಟೆಯಿಂದ ಈ ಊರು ಆರಂಭವಾಯಿತು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಸುತ್ತಲಿನ ತೋಟಗಳ ಹತ್ತಿಯು ಇಲ್ಲಿಂದ ಉಗಿದೋಣಿಗಳಲ್ಲಿ ನ್ಯೂ ಆರ್ಲಿಯನ್ಸ್ ಬಂದರಿಗೆ ಸಾಗುತ್ತಿತ್ತು. ಅಮೆರಿಕದ ಹತ್ತಿಯು ನಮ್ಮ ನಾಡಿಗೂ ಅಪರಿಚಿತವಲ್ಲ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಆ ದಕ್ಷಿಣ ರಾಜ್ಯಗಳ ಬೆಳೆಗಾರರನ್ನು ಭಾರತಕ್ಕೆ ಕರೆತಂದಿತು. ಆ ದಶಕದಲ್ಲಿಯೇ ಧಾರವಾಡ ಸೀಮೆಯಲ್ಲಿ ಬೇರೂರಿದ ಅಮೆರಿಕದ ತಳಿಯು ಮುಂದೆ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ನ್ಯಾಚೆಜ್‌ನ ಹತ್ತಿಯ ಹಣ ಭವ್ಯ ಸೌಧಗಳ ರೂಪ ತಾಳಿತು. ಹತ್ತಿ ವರ್ತಕ ಫ್ರೆಡರಿಕ್ ಸ್ಟಾಂಟನ್ ಕಟ್ಟಿಸಿದ ‘ಸ್ಟಾಂಟನ್ ಹಾಲ್’ 1857ರಲ್ಲಿ ಪೂರ್ಣಗೊಂಡಿತು. ಎಂಟು ಮೂಲೆಗಳ ‘ಲಾಂಗ್‌ವುಡ್’ ಭವನದ ನಿರ್ಮಾಣವು 1861ರಲ್ಲಿ ಅಂತರ್ಯುದ್ಧ ಆರಂಭವಾದೊಡನೆ ನಿಂತಿತು. ಅದರ ಮೇಲಿನ ಅಂತಸ್ತುಗಳು ಇಂದಿಗೂ ಅಪೂರ್ಣ ಸ್ಥಿತಿಯಲ್ಲಿಯೇ ಇವೆ.

ಬಾಗಿಲು ತೆರೆದ ಮನೆಗಳು

ಯುದ್ಧಾನಂತರ ನದಿಯ ಸಾಗಣೆಯನ್ನು ರೈಲು ಕಸಿದುಕೊಂಡಿತು. 20ನೆಯ ಶತಮಾನದ ಆರಂಭದಲ್ಲಿ ‘ಬೋಲ್ ವೀವಿಲ್’ ಎಂಬ ಮೂತಿಹುಳು ಹತ್ತಿಯ ಬೆಳೆಯನ್ನೇ ಹಾಳುಮಾಡಿತು. ಹಳೆಯ ಮನೆಗಳ ದುರಸ್ತಿಗೂ ಮಾಲೀಕರಲ್ಲಿ ಹಣವಿರಲಿಲ್ಲ. ಹೀಗಿರುವಾಗ ಸ್ಥಳೀಯ ಉದ್ಯಾನ ಸಂಘದ ಮಹಿಳೆಯರು 1932ರಲ್ಲಿ ಆ ಮನೆಗಳನ್ನು ಪ್ರವಾಸಿಗರಿಗೆ ಶುಲ್ಕಸಹಿತವಾಗಿ ತೆರೆಯುವ ವಸಂತಕಾಲದ ‘ಪಿಲ್ಗ್ರಿಮೇಜ್’ ಉತ್ಸವವನ್ನು ಆರಂಭಿಸಿದರು. ದೇಶವು ಆರ್ಥಿಕ ಕುಸಿತದಲ್ಲಿದ್ದ ಆ ವರ್ಷವೂ ಜನ ಬಂದರು. ಆದಾಯದ ಹಂಚಿಕೆಯ ವಿಚಾರದಲ್ಲಿ ಸಂಘವು ಎರಡಾಗಿ ಒಡೆದರೂ ಉತ್ಸವ ನಿಲ್ಲಲಿಲ್ಲ. ಅವುಗಳಲ್ಲಿ ಒಂದು ಸಂಘವು 1938ರಲ್ಲಿ ಸ್ಟಾಂಟನ್ ಹಾಲ್ ಅನ್ನು ಖರೀದಿಸಿತು.

ಲೆಕ್ಕಕ್ಕೆ ಸೇರದ ಪುಟ

ಆದರೆ ದಶಕಗಳ ಕಾಲ ಪ್ರವಾಸಿಗರಿಗೆ ತೋರಿಸಿದ್ದು ಜಮೆಯ ಬದಿಯನ್ನು ಮಾತ್ರ. ಆ ಸಂಪತ್ತು ಗುಲಾಮರ ದುಡಿಮೆಯಿಂದ ಬಂದುದು. ಊರಿನ ಅಂಚಿನ ‘ಫೋರ್ಕ್ಸ್ ಆಫ್ ದ ರೋಡ್’ ಎಂಬ ಕೂಡುದಾರಿಯಲ್ಲಿ, ದಕ್ಷಿಣದ ಅತಿ ದೊಡ್ಡ ಗುಲಾಮರ ಮಾರುಕಟ್ಟೆಗಳಲ್ಲೊಂದು 1833ರಿಂದ ಅಂತರ್ಯುದ್ಧದ ಕಾಲದವರೆಗೆ ನಡೆಯಿತು. ವರ್ಜೀನಿಯಾದಂತಹ ದೂರದ ರಾಜ್ಯಗಳಿಂದ ಕಾಲ್ನಡಿಗೆಯಲ್ಲಿ ಹಾಗೂ ಹಡಗುಗಳಲ್ಲಿ ತಂದ ಮನುಷ್ಯರನ್ನು ಅಲ್ಲಿ ಮಾರಲಾಗುತ್ತಿತ್ತು. ಸ್ಥಳೀಯ ಕಪ್ಪು ನಾಗರಿಕರ ದೀರ್ಘ ಪ್ರಯತ್ನದ ಬಳಿಕ ಈ ತಾಣಕ್ಕೆ ಮಾನ್ಯತೆ ದೊರೆಯಿತು. 2021ರಲ್ಲಿ ಅದು ರಾಷ್ಟ್ರೀಯ ಉದ್ಯಾನ ಸೇವೆಯ ಸುಪರ್ದಿಗೆ ಬಂದಿತು. ಕಾಂಕ್ರೀಟಿನಲ್ಲಿ ಹುದುಗಿಸಿದ ಸಂಕೋಲೆಗಳು ಅಲ್ಲಿ ಮೌನವಾಗಿ ಸಾಕ್ಷಿ ನುಡಿಯುತ್ತವೆ.

ಸಣ್ಣ ವ್ಯಾಪಾರಿಯ ಮನೆಯೊಂದೂ ಇದೇ ಸಂಸ್ಥೆಯ ರಕ್ಷಣೆಯಲ್ಲಿದೆ. ಬಾಲ್ಯದಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ವಿಲಿಯಂ ಜಾನ್ಸನ್ ಕ್ಷೌರದಂಗಡಿಗಳನ್ನು ನಡೆಸಿ, ಸಾಲ ನೀಡಿ, ಜಮೀನು ಕೊಂಡು ಬೆಳೆದವರು. 1835ರಿಂದ 1851ರವರೆಗೆ ಅವರು ಬರೆದ ದಿನಚರಿಯಲ್ಲಿ ಅಂದಿನ ಪೇಟೆಯ ಬದುಕು ದಾಖಲಾಗಿದೆ. ಅವರೂ ಗುಲಾಮರನ್ನು ಹೊಂದಿದ್ದರೆಂಬುದು ಆ ಕಾಲದ ಕಟು ಸತ್ಯ. ಗಡಿಯ ವ್ಯಾಜ್ಯದಲ್ಲಿ 1851ರಲ್ಲಿ ಅವರ ಕೊಲೆಯಾಯಿತು. ಕಪ್ಪು ಜನರ ಸಾಕ್ಷ್ಯಕ್ಕೆ ಬಿಳಿಯರ ವಿರುದ್ಧ ಮಾನ್ಯತೆ ಇಲ್ಲದ ಕಾರಣ, ಬಿಳಿಯನೆಂದು ವಾದಿಸಿದ ಆರೋಪಿ ಶಿಕ್ಷೆಯಿಂದ ಪಾರಾದನು.

ತೆರಿಗೆಯ ಉತ್ತೇಜನ

ಸಂರಕ್ಷಣೆಗೆ ಅಲ್ಲಿನ ಕಾನೂನಿನ ಬೆಂಬಲವೂ ಇದೆ. 1986ರ ತೆರಿಗೆ ಸುಧಾರಣಾ ಕಾಯಿದೆಯು ನಿಗದಿಪಡಿಸಿದಂತೆ, ಮಾನ್ಯತೆ ಪಡೆದ ಐತಿಹಾಸಿಕ ಕಟ್ಟಡದ ಪುನರುಜ್ಜೀವನಕ್ಕೆ ತಗುಲಿದ ಅರ್ಹ ವೆಚ್ಚದ ಶೇಕಡಾ 20ರಷ್ಟನ್ನು ಮಾಲೀಕರು ತಾವು ಪಾವತಿಸಬೇಕಾದ ಫೆಡರಲ್ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. 2017ರ ತಿದ್ದುಪಡಿಯಂತೆ ಈ ಮೊತ್ತವು ಐದು ವರ್ಷಗಳಲ್ಲಿ ಹಂಚಿಕೆಯಾಗುತ್ತದೆ. ಆದರೆ ಕಟ್ಟಡವು ಅಂಗಡಿ, ಹೋಟೆಲು, ಕಚೇರಿ ಅಥವಾ ಬಾಡಿಗೆ ಮನೆಯಾಗಿ ಆದಾಯ ತರುವಂತಿರಬೇಕು. ಸ್ವಂತ ವಾಸದ ಮನೆಗೆ ಈ ಸೌಲಭ್ಯವಿಲ್ಲ. ಬಳಕೆಯಲ್ಲಿರುವ ಕಟ್ಟಡವೇ ಉಳಿಯುತ್ತದೆ ಎಂಬುದು ಇದರ ಹಿಂದಿನ ತತ್ತ್ವ.

ನಮ್ಮ ಊರುಗಳ ಹಳೆಯ ಪೇಟೆಬೀದಿಗಳಲ್ಲಿಯೂ ಮರದ ಕಂಬಗಳ ಅಂಗಡಿಸಾಲುಗಳು, ಹತ್ತಿ ಜಿನ್‌ಗಳು, ಧಾನ್ಯದ ಮಂಡಿಗಳು ಇವೆ. ಅವುಗಳನ್ನು ಕೆಡವುವ ಮುನ್ನ ದುರಸ್ತಿಯ ಅಂದಾಜನ್ನೂ ಒಮ್ಮೆ ತೆಗೆಸಿ ನೋಡುವುದು ವಿವೇಕದ ಕ್ರಮ. ಉಳಿಸಿಕೊಂಡ ಕಟ್ಟಡದ ಕಥೆಯನ್ನು ಹೇಳುವಾಗ ಅಲ್ಲಿ ಮೂಟೆ ಹೊತ್ತವರ ಹೆಸರನ್ನೂ ಸೇರಿಸಬೇಕು. ನ್ಯಾಚೆಜ್‌ಗೆ ಈ ಎರಡನೆಯ ಪಾಠ ಕಲಿಯಲು ಮೊದಲನೆಯದಕ್ಕಿಂತ ಹೆಚ್ಚು ಕಾಲ ಹಿಡಿಯಿತು.