ಒಬ್ಬರೇ ಕೂತು ಕಟ್ಟಿದ ನಾದ

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದ ಕೆವಿನ್ ಪಾರ್ಕರ್ ‘ಟೇಮ್ ಇಂಪಾಲಾ’ ಎಂಬ ಹೆಸರಿನಲ್ಲಿ 2010ರ ಮೇ ತಿಂಗಳಲ್ಲಿ ಹೊರತಂದ ಮೊದಲ ಆಲ್ಬಂ ‘ಇನ್ನರ್‌ಸ್ಪೀಕರ್’. ವೇದಿಕೆಯ ಮೇಲೆ ನೋಡಿದವರಿಗೆ ಟೇಮ್ ಇಂಪಾಲಾ ಒಂದು ಬ್ಯಾಂಡ್. ಆದರೆ ಈ ಆಲ್ಬಮ್ಮಿನ ಹಾಡುಗಳನ್ನು ಕಟ್ಟಿದವರು, ಹಾಡಿದವರು, ಗಿಟಾರ್, ಬೇಸ್, ಡ್ರಮ್ಸ್‌ಗಳಲ್ಲಿ ಬಹುಪಾಲನ್ನು ನುಡಿಸಿದವರು ಪಾರ್ಕರ್ ಒಬ್ಬರೇ. ಗೆಳೆಯರಾದ ಡಾಮಿನಿಕ್ ಸಿಂಪರ್, ಜೇ ವಾಟ್ಸನ್ ಅಲ್ಲಲ್ಲಿ ಕೈಜೋಡಿಸಿದ್ದಾರೆ, ಅಷ್ಟೆ. ಒಂಟಿ ಪ್ರತಿಭೆಯ ಸಾಹಸ ಎಂದು ಇದನ್ನು ಕೊಂಡಾಡುವವರಿದ್ದಾರೆ. ಒಂಟಿತನದ ಗೀಳು ಎಂದು ಮೂಗು ಮುರಿಯುವವರೂ ಇದ್ದಾರೆ. ನನ್ನ ವಾದ ಇವೆರಡಕ್ಕಿಂತ ಬೇರೆ. ಕನಸಿನಂಥ, ಭ್ರಮೆಯಂಥ ನಾದ ಕಟ್ಟುವ ಸೈಕೆಡೆಲಿಕ್ ರಾಕ್ ಎಂಬ ಈ ಬಗೆಯ ಸಂಗೀತದ ಕಸುಬೇ ಅಂಥದ್ದು. ಅದು ಸಂಗೀತಗಾರನನ್ನು ಯಂತ್ರಗಳ ಮುಂದೆ ಒಬ್ಬನೇ ಕೂರುವಂತೆ ಮಾಡುತ್ತದೆ.

ಬೇರೆ ಬಗೆಯ ರಾಕ್ ಸಂಗೀತದಲ್ಲಿ ಮೊದಲು ಹಾಡು ಹುಟ್ಟುತ್ತದೆ. ರೆಕಾರ್ಡಿಂಗ್ ಅದನ್ನು ಹಿಡಿದಿಡುವ ಕೆಲಸ. ಸೈಕೆಡೆಲಿಕ್ ರಾಕ್‌ನಲ್ಲಿ ರೆಕಾರ್ಡಿಂಗ್ ಮಾಡುವಾಗಲೇ ಹಾಡು ಹುಟ್ಟುತ್ತದೆ. 1966ರಲ್ಲಿ ಬೀಟಲ್ಸ್ ತಂಡ ಲಂಡನ್ನಿನಲ್ಲಿ ರೆಕಾರ್ಡ್ ಮಾಡಿದ ‘ಟುಮಾರೊ ನೆವರ್ ನೋಸ್’ ಹಾಡನ್ನೇ ನೋಡಿ. ಅದರ ಅಡಿಯಲ್ಲಿ ತಂಬೂರಿಯ ಶ್ರುತಿ ಬಿಡದೆ ನಿಂತಿದೆ. ಕಛೇರಿ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಕೂಡಲೇ ಸಿಕ್ಕುತ್ತದೆ. ಸುರುಳಿಯಾಗಿ ಅಂಟಿಸಿದ ಟೇಪಿನ ತುಣುಕುಗಳು ಸುತ್ತುತ್ತ ವಿಚಿತ್ರ ಸದ್ದು ಹೊರಡಿಸುತ್ತವೆ. ಜಾನ್ ಲೆನನ್ನರ ದನಿಯನ್ನು ಒಳಗೆ ತಿರುಗುವ ಸ್ಪೀಕರೊಂದರ ಮೂಲಕ ಹಾಯಿಸಿದ್ದಾರೆ. ಇವನ್ನೆಲ್ಲ ತೆಗೆದುಬಿಟ್ಟರೆ ಉಳಿಯುವ ರಾಗ ಬಲು ಸರಳ, ಹೆಚ್ಚುಕಡಿಮೆ ಒಂದೇ ಕಾರ್ಡ್‌ನ ಮೇಲೆ ನಿಂತದ್ದು. ಆದರೆ ಆ ಕಾಲದಲ್ಲಿ ಇಂಥ ನಾದ ಬೇಕಾದರೆ ದೊಡ್ಡ ಕಂಪನಿಯ ಸ್ಟುಡಿಯೋ ಬೇಕು, ಕಲಾವಿದರ ಮನಸ್ಸಿನಲ್ಲಿದ್ದುದನ್ನು ಊಹಿಸಿ ಯಂತ್ರದಿಂದ ತೆಗೆದುಕೊಡುವ ಜೆಫ್ ಎಮರಿಕ್‌ರಂಥ ಎಂಜಿನಿಯರ್ ಬೇಕು.

ಮನೆಯಲ್ಲೇ ರೆಕಾರ್ಡ್ ಮಾಡುವ ಸಲಕರಣೆಗಳು ಅಗ್ಗವಾದಾಗ ಕರಗಿದ್ದು ಕಲಾವಿದನಿಗೂ ಎಂಜಿನಿಯರ್‌ಗೂ ನಡುವಿನ ಈ ಅಂತರ. ಪಾರ್ಕರ್ ಹುಡುಗನಾಗಿದ್ದಾಗಲೇ ಎರಡು ಟೇಪ್ ರೆಕಾರ್ಡರ್‌ಗಳನ್ನಿಟ್ಟುಕೊಂಡು ಒಂದರಲ್ಲಿ ನುಡಿಸಿದ್ದರ ಮೇಲೆ ಇನ್ನೊಂದನ್ನು ಪೇರಿಸುವುದನ್ನು ಕಲಿತರು. ಅವರಿಗೆ ಪ್ರಿಯವಾದ ಫೇಸರ್ ಉಪಕರಣ ಕೆಲಸ ಮಾಡುವ ರೀತಿ ಕುತೂಹಲಕರ. ಅದು ಗಿಟಾರಿನ ಸದ್ದನ್ನು ಎರಡಾಗಿ ಸೀಳಿ, ಒಂದರ ಅಲೆಗಳನ್ನು ತುಸು ಸರಿಸಿ, ಮತ್ತೆ ಎರಡನ್ನೂ ಬೆರೆಸುತ್ತದೆ. ಅಲೆಗಳು ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಅಳಿಯುವ ಜಾಗ ಮೇಲೆ ಕೆಳಗೆ ಚಲಿಸುತ್ತಿರುವುದರಿಂದ ಸದ್ದು ತೊನೆದಂತೆ ಕೇಳುತ್ತದೆ. ಸದ್ದನ್ನು ಒರಟಾಗಿಸುವ ಫಜ್ ಮೊದಲು, ಪ್ರತಿಧ್ವನಿ ಆಮೇಲೆ ಎಂಬುದು ಗಿಟಾರಿಗರ ಸಾಮಾನ್ಯ ಪದ್ಧತಿ. ಈ ಕ್ರಮವನ್ನು ತಿರುಗಿಸಿದರೆ ಪ್ರತಿಧ್ವನಿಯೇ ಹರಿದು ಹರಡಿಕೊಳ್ಳುತ್ತದೆ, ಒಂದು ಸ್ವರ ಕೋಣೆಯಷ್ಟು ದೊಡ್ಡದಾಗುತ್ತದೆ. ಹಾಗಾದ ಮೇಲೆ ಮುಂದಿನ ಸ್ವರ ಯಾವುದೆಂಬ ಆಯ್ಕೆಯೂ ಬದಲಾಗುತ್ತದೆ. ಇಂಥ ತೀರ್ಮಾನವನ್ನು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ಮಾಡಿಸುವುದು ಕಷ್ಟ. ಗುಂಡಿ ತಿರುಗಿಸುವ ಕೈಯೂ ರಾಗ ಹುಡುಕುವ ಕಿವಿಯೂ ಒಬ್ಬರದೇ ಆದಾಗ ಆ ಹುಡುಕಾಟಕ್ಕೆ ತಡೆಯಿಲ್ಲ.

ನಾಲ್ಕು ಜನ ಎದುರುಬದುರು ನಿಂತು ನುಡಿಸುವಾಗ ಹುಟ್ಟುವ ಕಾವು ಹೀಗೆ ಕೂತರೆ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಸುಳ್ಳಲ್ಲ. ಬ್ಲೂಸ್‌ನಲ್ಲಿ, ಜಾಝ್‌ನಲ್ಲಿ ಆ ಕಾವೇ ಪ್ರಾಣ. ಆದರೆ ‘ಇನ್ನರ್‌ಸ್ಪೀಕರ್’ ಕೇಳಿಸುವುದು ತನ್ನೊಳಗೆ ಮುಳುಗಿದ ಒಂದು ಮನಸ್ಸನ್ನು. ಪದರ ಪದರವಾಗಿ ಒಬ್ಬರೇ ನುಡಿಸಿದ್ದು ಆ ಭಾವಕ್ಕೆ ಒಪ್ಪಿದೆ. ಇನ್ನು, ಒಬ್ಬರೇ ನುಡಿಸಿದರೆಂದ ಮಾತ್ರಕ್ಕೆ ಇದು ನಿಜಕ್ಕೂ ಸ್ವತಂತ್ರ ಕೆಲಸವೇ? ಮಾಡ್ಯುಲರ್ ಎಂಬ ರೆಕಾರ್ಡ್ ಕಂಪನಿಯ ಬೆಂಬಲ ಅದಕ್ಕಿತ್ತು. ರೆಕಾರ್ಡಿಂಗ್ ನಡೆದದ್ದು ಪರ್ತ್‌ನಿಂದ ದಕ್ಷಿಣಕ್ಕೆ, ಹಿಂದೂ ಮಹಾಸಾಗರಕ್ಕೆ ಮುಖಮಾಡಿದ ವೇವ್ ಹೌಸ್ ಎಂಬ ಮನೆಯಲ್ಲಿ. ರೆಕಾರ್ಡ್ ಮಾಡಿದ ಪದರಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಮಾಡಿದವರು ಅಮೆರಿಕದ ಡೇವ್ ಫ್ರಿಡ್‌ಮನ್. ಹಾಗಾಗಿ ಸ್ವಾತಂತ್ರ್ಯವೆಂದರೆ ಯಾರ ನೆರವೂ ಇಲ್ಲದಿರುವುದು ಎಂದುಕೊಂಡರೆ ಈ ಆಲ್ಬಂ ಆ ಲೆಕ್ಕಕ್ಕೆ ಬರುವುದಿಲ್ಲ. ನಾನು ನೋಡುವುದು ತೀರ್ಮಾನ ಯಾರದು ಎಂಬುದನ್ನು. ಯಾವ ಸದ್ದು ಉಳಿಯಬೇಕು, ಯಾವುದು ಹೋಗಬೇಕು ಎಂದು ಹಾಡು ಕಟ್ಟುವ ಹೊತ್ತಿನಲ್ಲಿ ಆರಿಸಿದವರು ಪಾರ್ಕರ್.

ಸೈಕೆಡೆಲಿಕ್ ಅಂದಕೂಡಲೇ ಮಾದಕವಸ್ತುವಿನ ಮಾತು ಬರುತ್ತದೆ. ಅರವತ್ತರ ದಶಕದಲ್ಲಿ ಆ ನಂಟು ಇದ್ದದ್ದು ದಿಟ, ಅದರಿಂದ ಹಾಳಾದ ಬದುಕುಗಳೂ ದಿಟ. ಆದರೂ ಆ ಹಾಡುಗಳನ್ನು ಇಂದಿಗೂ ಉಳಿಸಿರುವುದು ಟೇಪು ಕತ್ತರಿಸಿ ಅಂಟಿಸಿದವರ ಎಚ್ಚರದ ಕೆಲಸ. ಪಾರ್ಕರ್ ಮಾಡಿದ್ದೆಲ್ಲ ಅರವತ್ತರ ದಶಕದ ನಕಲು ಎನ್ನುವವರಿಗೆ 2016ರ ಒಂದು ಸಂಗತಿಯೇ ಉತ್ತರ. 2015ರಲ್ಲಿ ಬಂದ ‘ಕರೆಂಟ್ಸ್’ ಆಲ್ಬಮ್ಮಿನಲ್ಲಿ ಮಿಕ್ಸಿಂಗನ್ನೂ ಪಾರ್ಕರ್ ತಾವೇ ಮಾಡಿದ್ದರು. ಮರುವರ್ಷ ಪಾಪ್ ತಾರೆ ರಿಹಾನಾ ಅದರ ಕೊನೆಯ ಹಾಡನ್ನು ತಮ್ಮ ‘ಆ್ಯಂಟಿ’ ಆಲ್ಬಮ್ಮಿಗೆ ತೆಗೆದುಕೊಂಡರು. ಹೊಸ ವಾದ್ಯಗಾರರನ್ನು ಕೂಡಿಸಿ ಮತ್ತೆ ನುಡಿಸುವುದು ಅವರಂಥ ತಾರೆಗೆ ಕಷ್ಟವಿರಲಿಲ್ಲ. ಆದರೆ ಪಾರ್ಕರ್ ಕಟ್ಟಿದ ವಾದ್ಯಭಾಗವನ್ನು ಹೆಚ್ಚುಕಡಿಮೆ ಇದ್ದಂತೆಯೇ ಉಳಿಸಿಕೊಂಡು, ಅದರ ಮೇಲೆ ತಮ್ಮ ದನಿಯನ್ನಿಟ್ಟರು.